ಎಂಟು ಅಡಿ ಬಾಲ್ಕನಿ: ಆರ್ಕಿಟೆಕ್ಟ್ ಹಾಕಿ ಅಂತಾರೆ, ಮೇಸ್ತ್ರಿ ಆಗಲ್ಲ ಅಂತಾರೆ

ಸಾಗರದ ಸೈಟು:
ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ 40×60 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದೇನೆ. ಪಾಯ ತೆಗೆಯಲು ಹೋದ ವಾರವೇ ಜೆಸಿಬಿ ಬರಬೇಕಿತ್ತು. ಈಗ ನಿಲ್ಲಿಸಿದ್ದೇನೆ. ಕಾರಣ ಜಗಳ.

ಬೆಂಗಳೂರಿನ ಒಬ್ಬರು ಆರ್ಕಿಟೆಕ್ಟ್ ಹತ್ತಿರ ಡಿಸೈನ್ ಮಾಡಿಸಿದೆವು. 3ಡಿ ಚಿತ್ರ ನೋಡಿ ನಾನು, ಹೆಂಡತಿ ಇಬ್ಬರೂ ಮರುಳಾದೆವು. ರಸ್ತೆ ಕಡೆಗೆ, ಅಂದರೆ ಪಶ್ಚಿಮಕ್ಕೆ, ಎಂಟು ಅಡಿ ಮುಂದೆ ಚಾಚಿದ ಬಾಲ್ಕನಿ. ಕೆಳಗೆ ಒಂದೂ ಕಂಬ ಇಲ್ಲ. ಹಾಲ್ 18 ಅಡಿ ಎತ್ತರ, ಪಶ್ಚಿಮದ ಗೋಡೆ ಪೂರ್ತಿ ಗಾಜು. ಮನೆಯ ನಡುವೆ ತೊಟ್ಟಿ, ಮೇಲೆ ತೆರೆದ ಆಕಾಶ. ಸೂರು ಫ್ಲಾಟ್. ಸಜ್ಜಾ ಎಲ್ಲೂ ಇಲ್ಲ, ಹಾಕಿದರೆ ಮುಖದ ಅಂದ ಕೆಡುತ್ತೆ ಅಂತ.

ಮೇಸ್ತ್ರಿ ಚಿತ್ರ ನೋಡಿದ್ದೇ, "ಬಾಲ್ಕನಿ ಕೆಳಗೆ ಎರಡು ಕಂಬ ಕೊಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳ್ಳಿ" ಅಂದುಬಿಟ್ಟರು. ಕಂಬ ಕೊಟ್ಟರೆ ಡಿಸೈನ್ ಸತ್ತ ಹಾಗೆ ಅಂತ ಆರ್ಕಿಟೆಕ್ಟ್. ಹಂಚಿನ ಮಾಡು ಇಲ್ಲದ ಮನೆಗೆ ಕಾಲಿಡಲ್ಲ ಅಂತ ಅಪ್ಪಯ್ಯ. ಯಾರ ಮಾತು ಕೇಳಲಿ?

ಸುಮ್ನೆ ಓದೋನು:
ಹೆಂಡತಿ ಮಾತು.

ಕಬ್ಬಿಣದ ಕಡಲೆ:
ನಾನು ಸ್ಟ್ರಕ್ಚರಲ್ ಎಂಜಿನಿಯರ್. ಎಂಟು ಅಡಿ ಆಗಲ್ಲ ಅನ್ನೋದು ಸುಳ್ಳು. ಆಗುತ್ತೆ. ಆದರೆ ಏನು ಕೊಟ್ಟು ಆಗುತ್ತೆ ಅಂತ ನೋಡಿ.

ದಪ್ಪ ಅಷ್ಟೇ ಇಟ್ಟು ಬಾಲ್ಕನಿಯನ್ನು ನಾಲ್ಕು ಅಡಿಯಿಂದ ಎಂಟು ಅಡಿಗೆ ಎಳೆದರೆ, ಗೋಡೆ ಹತ್ತಿರ ಬಾಗಿಸುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ತುದಿ ಕೆಳಗೆ ಜಗ್ಗುವುದು ಹದಿನಾರು ಪಟ್ಟು. ಈ ಹದಿನಾರು ಯಾರಿಗೂ ಕಣ್ಣಿಗೆ ಕಾಣಲ್ಲ, ಅದೇ ತೊಂದರೆ. ಕಾಂಕ್ರೀಟ್ ಕಟ್ಟಡಕ್ಕೆ ನಮ್ಮ ದೇಶದ ನಿಯಮವಾದ ಐಎಸ್ 456 ಕೋಡ್‌ನಲ್ಲಿ ಚಾಚಿದ ಸ್ಲ್ಯಾಬ್‌ಗೆ ಶುರುವಿನ ಲೆಕ್ಕ ಏಳು. ಅಂದರೆ ಉದ್ದವನ್ನು ಏಳರಿಂದ ಭಾಗಿಸಿದಷ್ಟು ಆಳ, ಹೆಚ್ಚುಕಮ್ಮಿ ಅಷ್ಟು ದಪ್ಪ, ಬೇಕು. ಎರಡು ಕಡೆ ಆಸರೆ ಇರೋ ಮಾಮೂಲಿ ಸ್ಲ್ಯಾಬ್‌ಗೆ ಅದೇ ಲೆಕ್ಕ 20. ಎಂಟು ಅಡಿ ಅಂದರೆ 2.4 ಮೀಟರ್, ಏಳರಿಂದ ಭಾಗಿಸಿದರೆ 34 ಸೆಂ.ಮೀ. ಹದಿಮೂರು ಇಂಚು ಚಿಲ್ಲರೆ! ಕಬ್ಬಿಣ ಎಷ್ಟು ಅನ್ನೋದರ ಮೇಲೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ನಿಮ್ಮ 3ಡಿ ಚಿತ್ರದಲ್ಲಿ ಬಾಲ್ಕನಿ ಎಷ್ಟು ದಪ್ಪ ಕಾಣುತ್ತೆ?

ಇನ್ನೊಂದು. ಆ ಬಾಲ್ಕನಿ ಹಿಂದೆ, ಮನೆ ಒಳಗೆ ಏನಿದೆ? ಸ್ಲ್ಯಾಬ್ ಒಳಗೂ ಹೋಗಿ ಅಲ್ಲಿನ ಭಾರ ಇದನ್ನು ಹಿಡ್ಕೋಬೇಕು. ತಕ್ಕಡಿ ಇದ್ದ ಹಾಗೆ.

ಸಾಗರದ ಸೈಟು:
ಚಿತ್ರದಲ್ಲಿ ಐದು ಇಂಚು ಇರಬಹುದು ಸಾರ್, ತೆಳ್ಳಗೆ ಚೆನ್ನಾಗಿ ಕಾಣುತ್ತೆ. ಹಿಂದೆ ಆ 18 ಅಡಿಯ ಹಾಲ್. ಅಲ್ಲಿ ಸ್ಲ್ಯಾಬ್ ಇಲ್ಲ, ಖಾಲಿ.

ಕಬ್ಬಿಣದ ಕಡಲೆ:
ಅಯ್ಯೋ ದೇವರೇ.

ಮೇಸ್ತ್ರಿ ಮಗ:
ನಮ್ಮಪ್ಪ ನಲವತ್ತು ವರ್ಷ ಮೇಸ್ತ್ರಿ. ಅವರ ಪರವಾಗಿ ಒಂದು ಮಾತು. ಮೇಸ್ತ್ರಿಗಳು ಹೆದರೋದು ಲೆಕ್ಕಕ್ಕಲ್ಲ, ಕಾಂಕ್ರೀಟ್ ಹಾಕೋ ದಿನಕ್ಕೆ.

ಮಾಮೂಲಿ ಸ್ಲ್ಯಾಬ್‌ನಲ್ಲಿ ನಡುವೆ ಕಬ್ಬಿಣ ಕೆಳಗಿರಬೇಕು. ಚಾಚಿದ ಬಾಲ್ಕನಿಯಲ್ಲಿ ಮೇಲಿರಬೇಕು. ಡ್ರಾಯಿಂಗ್‌ನಲ್ಲಿ ಮೇಲೇ ಇರುತ್ತೆ, ಬಾರ್ ಬೆಂಡರ್ ಮೇಲೇ ಕಟ್ಟುತ್ತಾನೆ. ಆಮೇಲೆ ಬೆಳಿಗ್ಗೆ ಇಪ್ಪತ್ತು ಜನ ಬಾಣಲಿ ಹಿಡಿದು ಅದರ ಮೇಲೇ ಓಡಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಕಬ್ಬಿಣ ತುಳಿತಕ್ಕೆ ಸಿಕ್ಕಿ ಮೂರು ಇಂಚು ಕೆಳಗೆ. ಕಾಂಕ್ರೀಟ್ ಮುಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತೆ? ಒಂದು ಮನೆಯಲ್ಲಿ ಹೀಗೇ ಆಯ್ತು. ನಾಲ್ಕೇ ಅಡಿ ಬಾಲ್ಕನಿ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗೋವರೆಗೆ ಕೆಳಗೆ ಕೊಡೋ ಹಲಗೆ, ಆಸರೆ) ಬಿಚ್ಚಿ ತಿಂಗಳಾಗಿತ್ತು, ಗೋಡೆ ಪಕ್ಕದಲ್ಲಿ ಮೇಲ್ಗಡೆ ಉದ್ದಕ್ಕೆ ಕೂದಲೆಳೆ ಬಿರುಕು. ಒಡೆದು ನೋಡಿದರೆ ಕಬ್ಬಿಣ ನಡು ಹೊಟ್ಟೆಯಲ್ಲಿ ಮಲಗಿತ್ತು. ಪೂರ್ತಿ ಕೆಡವಿ ಹೊಸದು ಹಾಕಿದರು. ಅವತ್ತಿನಿಂದ ಅಪ್ಪ ಬಾಲ್ಕನಿ ಹಾಕುವಾಗ ಕೊಕ್ಕೆ ಹಿಡಿದು ತಾವೇ ನಿಲ್ಲುತ್ತಾರೆ. ಕಬ್ಬಿಣ ಇಳಿದ ಕಡೆ ಎತ್ತುತ್ತಾರೆ, ತುಳಿದವನಿಗೆ ಬೈಯುತ್ತಾರೆ.

ಹಾಗಾಗಿ "ಆಗಲ್ಲ" ಅಂದರೆ "ಆ ದಿನ ನನ್ನ ಕೈಲಿ ಹಿಡಿತ ಇರಲ್ಲ" ಅಂತ ಅರ್ಥ.

ಕಬ್ಬಿಣದ ಕಡಲೆ:
@ಮೇಸ್ತ್ರಿ ಮಗ, ನಿಮ್ಮಪ್ಪನಿಗೆ ಕೈ ಮುಗಿದೆ ಅಂತ ಹೇಳಿ. ಮೇಲಿನ ಕಬ್ಬಿಣದ ಕೆಳಗೆ ಕುರ್ಚಿ ಆಕಾರದ ಚೇರ್ ಕಂಬಿ ಸಾಕಷ್ಟು ಇಡಬೇಕು, ಓಡಾಡಲು ಹಲಗೆ ಹಾಕಬೇಕು. ಸೆಂಟ್ರಿಂಗ್ ಬಿಚ್ಚೋದು ಯಾವಾಗಲೂ ತುದಿಯಿಂದ ಗೋಡೆ ಕಡೆಗೆ. ಗೋಡೆ ಕಡೆಯಿಂದ ಶುರು ಮಾಡಿ ತುದಿಯಲ್ಲಿ ಸೆಂಟ್ರಿಂಗ್ ಉಳಿಸಿದರೆ ಸ್ಲ್ಯಾಬ್ ನಡುವೆ ಜಗ್ಗುತ್ತೆ. ಅಲ್ಲಿ ಕೆಳಗಡೆ ತಕ್ಕ ಕಬ್ಬಿಣ ಇರಲ್ಲ.

ಕುಂದಾಪ್ರ ಗಾಳಿ:
ಬಾಲ್ಕನಿ ಬಿಡಿ ಮಾರಾಯ್ರೆ. ಸಾಗರದಲ್ಲಿ ಪಶ್ಚಿಮಕ್ಕೆ 18 ಅಡಿ ಗಾಜು, ಸಜ್ಜಾ ಇಲ್ಲ, ಫ್ಲಾಟ್ ಸೂರು! ಮುಂಗಾರು ಬರೋದು ಯಾವ ದಿಕ್ಕಿಂದ ಅಂತ ಆರ್ಕಿಟೆಕ್ಟ್‌ಗೆ ಯಾರಾದರೂ ಹೇಳಿದ್ರಾ? ಜೂನ್‌ನಲ್ಲಿ ಮಳೆ ಮೇಲಿಂದ ಬರಲ್ಲ, ಅಡ್ಡ ಬರುತ್ತೆ. ಸ್ಲೈಡಿಂಗ್ ಗಾಜಿನ ಕೆಳಗಿನ ಹಳಿ ತುಂಬಿ ನೀರು ಒಳಗೇ ಬರುತ್ತೆ. ನಮ್ಮ ಹಳೇ ಮನೆ ಎದುರು ನಾಲ್ಕು ತಿಂಗಳು ತೆಂಗಿನ ಗರಿ ತಟ್ಟಿ ಕಟ್ತಾ ಇದ್ರು, ಇದಕ್ಕೇ.

ನಮ್ಮ ಕಡೆ ಒಂದು ಸುತ್ತು ಬನ್ನಿ. ಫ್ಲಾಟ್ ಆರ್‌ಸಿಸಿ ಮನೆ ಕಟ್ಟಿದವರೆಲ್ಲ ಐದಾರು ವರ್ಷಕ್ಕೆ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಹೊದಿಸಿದ್ದಾರೆ. ಇಪ್ಪತ್ತು ಲಕ್ಷದ ಚಂದದ ಮುಖ, ತಲೆ ಮೇಲೆ ಬಸ್ ಸ್ಟ್ಯಾಂಡ್. ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಇಳಿಜಾರು ಮಾಡು ಅಂದಕ್ಕೆ ಬಂದದ್ದಲ್ಲ, ನೀರು ನಿಲ್ಲಬಾರದು ಅಂತ ಬಂದದ್ದು. ಚಂದ ಆಮೇಲೆ ಅಂಟಿಕೊಂಡಿತು.

ಗೆರೆ ಎಳೆಯುವವಳು:
ಆರ್ಕಿಟೆಕ್ಟ್‌ಗಳಿಗೆ ಎಲ್ಲರೂ ಕಲ್ಲು ಹೊಡೀತಾ ಇದ್ದೀರಿ, ನಾನೂ ಒಬ್ಬಳು ಇಲ್ಲಿದ್ದೇನೆ. ಎಂಜಿನಿಯರ್ ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದರೆ ಜಗತ್ತಿನಲ್ಲಿ ಬರೀ ಗೋದಾಮು ಇರುತ್ತಿತ್ತು. ಸಿಡ್ನಿ ಒಪೇರಾ ಹೌಸ್ ನೋಡಿ. ಅದರ ಆರ್ಕಿಟೆಕ್ಟ್ ಯೋರ್ನ್ ಉಟ್ಜೋನ್ 1957ರಲ್ಲಿ ಡಿಸೈನ್ ಸ್ಪರ್ಧೆ ಗೆದ್ದಾಗ ಚಿಪ್ಪಿನ ಹಾಗಿರೋ ಆ ಸೂರುಗಳನ್ನು ಹೇಗೆ ಕಟ್ಟೋದು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಎಲ್ಲ ಚಿಪ್ಪನ್ನೂ ಒಂದೇ ಗೋಳದಿಂದ ಕೊಯ್ದ ತುಂಡು ಮಾಡಿದಾಗ ದಾರಿ ಸಿಕ್ತು. ಚಿಪ್ಪಿನ ಕಾಂಕ್ರೀಟ್ ಪಕ್ಕೆಲುಬುಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯೋದು ಸಾಧ್ಯ ಆಯ್ತು. ಕನಸು ಮೊದಲು ಬರಬೇಕು.

ಸುಮ್ನೆ ಓದೋನು:
70 ಲಕ್ಷ ಡಾಲರ್ ಅಂದಾಜು, 10 ಕೋಟಿ 20 ಲಕ್ಷ ಡಾಲರ್ ಖರ್ಚು, 1973ರಲ್ಲಿ ಓಪನಿಂಗ್. ದುಡ್ಡು ಬಹುಪಾಲು ಲಾಟರಿಯಿಂದ ಬಂತು. ಸಾಗರದ ಸೈಟಿನವರ ಹತ್ತಿರ ಲಾಟರಿ ಇದೆಯಾ ಕೇಳಿ.

ಸಾಗರದ ಸೈಟು:
ಅಡಿಕೆ ಇದೆ. ರೇಟು ಲಾಟರಿ ತರಾನೇ.

ಗೆರೆ ಎಳೆಯುವವಳು:
ನಗಿ, ನಗಿ. ಉಟ್ಜೋನ್ 1966ರಲ್ಲಿ ಬೇಸತ್ತು ಬಿಟ್ಟು ಹೋದರು, ಅದೂ ನಿಜ. ಆದರೆ ನನ್ನ ಮಾತು ಇಷ್ಟು: ಅಲ್ಲಿ ಎಂಜಿನಿಯರ್‌ಗಳು ವರ್ಷಗಟ್ಟಲೆ ಜೊತೆಗೆ ಕೂತರು. ನಮ್ಮಲ್ಲಿ ಎಂಜಿನಿಯರ್‌ನನ್ನು ಕರೆಯೋದೇ ಡಿಸೈನ್ ಮುಗಿದ ಮೇಲೆ, ಎಷ್ಟು ಟನ್ ಕಬ್ಬಿಣ ಅಂತ ಕೇಳೋಕೆ. ಸೈಟಿನವರೇ, ನಿಮ್ಮ ಆರ್ಕಿಟೆಕ್ಟ್ ಸೈಟಿಗೆ ಎಷ್ಟು ಸಲ ಬಂದಿದ್ದಾರೆ? ಮಳೆಗಾಲದಲ್ಲಿ ಬಂದಿದ್ದಾರಾ?

ಸಾಗರದ ಸೈಟು:
ಒಂದು ಸಲ. ಜನವರಿಯಲ್ಲಿ.

ಪಿಟ್ಸ್‌ಬರ್ಗ್ ಕನ್ನಡಿಗ:
ಗಾಳಿಯಲ್ಲಿ ತೇಲುವ ಬಾಲ್ಕನಿ ಅಂದಾಗ ಸುಮ್ನೆ ಇರೋಕೆ ಆಗಲಿಲ್ಲ. ಇಲ್ಲಿಂದ ಒಂದೂವರೆ ಗಂಟೆ ದಾರಿ, ಫಾಲಿಂಗ್ ವಾಟರ್ ಅಂತ ಮನೆ. ಫ್ರಾಂಕ್ ಲಾಯ್ಡ್ ರೈಟ್ ಡಿಸೈನ್, 1930ರ ದಶಕದ್ದು. ಜಲಪಾತದ ಮೇಲೇ ಚಾಚಿದ ಕಾಂಕ್ರೀಟ್ ತಾರಸಿಗಳು. ಊರಿಂದ ಯಾರೇ ಬಂದರೂ ನಾನು ಕರಕೊಂಡು ಹೋಗೋ ಜಾಗ.

ಕಟ್ಟುವಾಗಲೇ ಎಂಜಿನಿಯರ್‌ಗಳು ಕಬ್ಬಿಣ ಸಾಲದು ಅಂತ ರೈಟ್‌ಗೆ ಹೇಳದೆ ಜಾಸ್ತಿ ಕಬ್ಬಿಣ ಸೇರಿಸಿದರು. ರೈಟ್‌ಗೆ ಸಿಟ್ಟು ಬಂತು. ಆದರೆ ಅದೂ ಸಾಲಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಜಗ್ಗಿತು, ಆಮೇಲೆ ವರ್ಷ ವರ್ಷ ಜಗ್ಗುತ್ತಾ ಹೋಯ್ತು. 15 ಅಡಿ ಚಾಚಿದ್ದು ಸುಮಾರು ಏಳು ಇಂಚು ಕೆಳಗೆ ಬಂದಿತ್ತು. 2002ರಲ್ಲಿ ಹಾಲ್‌ನ ನೆಲದ ಕಲ್ಲು ಎಬ್ಬಿಸಿ, ಒಳಗೆ ಉಕ್ಕಿನ ಕೇಬಲ್ ಹಾಕಿ ಬಿಗಿದರು. ಅಷ್ಟೆಲ್ಲ ಆದರೂ ಅದರ ಎದುರು ನಿಂತರೆ ಮಾತು ಬರಲ್ಲ ಸಾರ್. ಬೈಯೋಕೂ ಆಗಲ್ಲ. ಆದರೆ ಅದನ್ನು ಕಾಯೋಕೆ ಒಂದು ಸಂಸ್ಥೆಯೇ ಇದೆ. ನಿಮ್ಮನೆ ಕಾಯೋರು ನೀವು, ಅಷ್ಟೇ.

ಅಗ್ರಹಾರ ಸರ್ಕಲ್:
ನಮ್ಮ ಮೈಸೂರು ಅರಮನೆ ನೋಡಿ ಕಲೀಬೇಕು. ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು, ಇವತ್ತಿಗೂ ಗಟ್ಟಿ.

ವಿಜಯಪುರದಾಂವ:
ಅರಮನಿ ವಿಶ್ವೇಶ್ವರಯ್ಯನವರದ್ದಲ್ಲರೀ, ಹೆನ್ರಿ ಇರ್ವಿನ್ ಡಿಸೈನ್.

ಅಗ್ರಹಾರ ಸರ್ಕಲ್:
ಸರಿ ಸರಿ, ತಪ್ಪಾಯ್ತು, ಕೆಆರ್‌ಎಸ್ ತಲೆಯಲ್ಲಿತ್ತು. ಆದರೆ ಪಾಯಿಂಟ್ ಕೇಳಿ. ಹಳೇ ಅರಮನೆ ಮರದ್ದು, 1897ರಲ್ಲಿ ಮದುವೆ ಸಮಯದಲ್ಲೇ ಸುಟ್ಟು ಹೋಯ್ತು. ಹೊಸದು 1912ರಲ್ಲಿ ಮುಗೀತು. ಬೆಂಕಿ ಪೆಟ್ಟು ತಿಂದಿದ್ದರು ನೋಡಿ, ಈ ಸಲ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬ. ಕಲ್ಯಾಣ ಮಂಟಪದ ಆ ನವಿಲು ಬಣ್ಣದ ಕಂಬಗಳು ಕಬ್ಬಿಣ ಅಂತ ನೋಡಿದವರಲ್ಲಿ ಎಷ್ಟು ಜನಕ್ಕೆ ಗೊತ್ತು? ಕಂಬ ಕೊಟ್ಟರೆ ಡಿಸೈನ್ ಸಾಯುತ್ತೆ ಅನ್ನೋರಿಗೆ ಟಿಕೆಟ್ ನಾನೇ ಕೊಡಿಸ್ತೀನಿ.

ವಿಜಯಪುರದಾಂವ:
ಕಂಬ ಇಲ್ಲದ್ದೂ ನೋಡ್ರಿ ಹಂಗಾದ್ರ. ಗೋಳಗುಮ್ಮಟದಾಗ ಒಳಗ ಒಂದು ಕಂಬ ಇಲ್ಲ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್, 1656ರ ಕಾಲದ್ದು, ಕಬ್ಬಿಣ ಸಿಮೆಂಟ್ ಎರಡೂ ಇಲ್ಲ. ಹೆಂಗ ನಿಂತದ ಅಂದ್ರ, ಗೋಡಿ ಮ್ಯಾಲೆ ಕಮಾನುಗಳು ಒಂದನ್ನೊಂದು ದಾಟಿ ನಕ್ಷತ್ರದಂಗ ಹೆಣಕೊಂಡಾವ. ಚೌಕ ಇದ್ದದ್ದು ಮ್ಯಾಲೆ ಹೋಗ್ತಾ ದುಂಡಗ ಆಗ್ತದ. ಗುಮ್ಮಟ ಹೊರಗ ನೂಕೋ ಭಾರಾನ ಆ ಕಮಾನುಗಳೇ ಹಿಡೀತಾವ. ನೀವು ಒಳಗ ನಿಂತು ತಲಿ ಎತ್ತಿದಾಗ ಚಂದ ಅನ್ನಿಸೋದು ಯಾವುದು? ಅದೇ ಕಮಾನು. ಭಾರ ಹೊರೋದೂ ಅದೇ. ಬ್ಯಾರೆ ಬ್ಯಾರೆ ಇಲ್ಲ.

ಗೆರೆ ಎಳೆಯುವವಳು:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಇನ್ನೊಂದು ಕಡೆ ಲಂಡನ್‌ನ ಮಿಲೇನಿಯಂ ಸೇತುವೆ ಇದೆ. ಬ್ಲೇಡಿನ ಹಾಗೆ ತೆಳ್ಳಗೆ. 2000ದ ಜೂನ್‌ನಲ್ಲಿ ತೆರೆದರು, ಜನ ನಡೆದಾಗ ಅಡ್ಡಕ್ಕೆ ಓಲಾಡಿತು. ಎರಡೇ ದಿನಕ್ಕೆ ಮುಚ್ಚಿದರು. ಓಲಾಟ ತಡೆಯೋ ಡ್ಯಾಂಪರ್‌ಗಳನ್ನು ಹಾಕಿ 2002ರಲ್ಲಿ ಮತ್ತೆ ತೆರೆದರು. ಅಲ್ಲಿ ಒಳ್ಳೆಯ ಎಂಜಿನಿಯರ್‌ಗಳೇ ಇದ್ದರು. ಸೇತುವೆ ಓಲಾಡಿದಾಗ ಜನ ಬೀಳದೆ ಇರೋಕೆ ಅದೇ ತಾಳಕ್ಕೆ ಹೆಜ್ಜೆ ಹಾಕಿದರು, ಅದರಿಂದ ಇನ್ನೂ ಓಲಾಡಿತು. ಹಾಗಾಗಿ ತಪ್ಪು ಆರ್ಕಿಟೆಕ್ಟ್‌ಗಳದ್ದು ಮಾತ್ರ ಅಲ್ಲ ಅಂತ ದಾಖಲಾಗಲಿ.

ದಿಕ್ಕು ನೋಡೋನು:
ಪಶ್ಚಿಮದ ಸೈಟ್ ಅಂದಮೇಲೆ ಮೊದಲು ವಾಸ್ತು

ಸುಮ್ನೆ ಓದೋನು:
ವಾಸ್ತುಗೆ ಬೇರೆ ಥ್ರೆಡ್ ಇದೆ ಅಣ್ಣ. ಅಲ್ಲಿ ಈಗಾಗಲೇ ಮುನ್ನೂರು ರಿಪ್ಲೈ ಆಗಿದೆ, ಇನ್ನೂ ಬಾಗಿಲೇ ಇಟ್ಟಿಲ್ಲ.

ಸಿರ್ಸಿ ಅಕ್ಕ:
ನೀವೆಲ್ಲ ಗಂಡಸರು ಬಾಲ್ಕನಿ ಬೀಳುತ್ತಾ ಇಲ್ವಾ ಅಂತ ಮಾತಾಡ್ತಾ ಇದ್ದೀರಿ. 18 ಅಡಿ ಮೇಲಿನ ಗಾಜು ಒರೆಸೋದು ಯಾರು?

ನನ್ನ ತಂಗಿ ಮನೆ ಹೀಗೇ ಎತ್ತರದ ಹಾಲ್. ಮೊದಲ ದೀಪಾವಳಿಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎರಡನೇ ದೀಪಾವಳಿಗೆ ಮೇಲಿನ ಮೂಲೆಯಲ್ಲಿ ಜೇಡರ ಬಲೆ ಜೋಕಾಲಿ ಆಡ್ತಾ ಇತ್ತು. ಅಡಿಕೆ ಕೊಯ್ಯೋ ದೋಟಿ ತಂದು ತುದಿಗೆ ಹಳೇ ಬನಿಯನ್ ಕಟ್ಟಿ ತೆಗೆದಳು. ಮೇಲಿನ ಬಲ್ಬ್ ಹೋಗಿ ಮೂರು ವರ್ಷ ಆಯ್ತು, ಹಾಗೇ ಇದೆ. ಬಲ್ಬಿಗೆ ಎಪ್ಪತ್ತು ರೂಪಾಯಿ, ಅಟ್ಟ ಕಟ್ಟೋಕೆ ಎರಡು ಸಾವಿರ.

ತೊಟ್ಟಿ ಬಗ್ಗೆಯೂ ಹೇಳ್ತೀನಿ. ನನ್ನ ತವರು ತೊಟ್ಟಿ ಮನೆ. ಚಂದವೇ, ಇಲ್ಲ ಅನ್ನಲ್ಲ. ಮಳೆ ಬರುವಾಗ ಒಳಗೆ ಕೂತು ನೋಡೋದು ಸುಖ. ಆದರೆ ಆಗ ಮನೇಲಿ ಹನ್ನೆರಡು ಜನ, ಸುತ್ತ ಜಗಲಿ ಒರೆಸೋಕೆ ಆಳುಗಳು. ಈಗ ನೀವಿಬ್ಬರೇ. ಮಂಗ ಮೇಲಿಂದ ನೇರ ಅಡಿಗೆಮನೆಗೇ ಇಳಿಯುತ್ತೆ. ಕಬ್ಬಿಣದ ಜಾಲರಿ ಹಾಕಲೇಬೇಕು. ಚಿತ್ರದಲ್ಲಿ ಜಾಲರಿ ತೋರಿಸಿದ್ದಾರಾ?

ಸಾಗರದ ಸೈಟು:
ಇಲ್ಲ ಅಕ್ಕ. ಚಿತ್ರದಲ್ಲಿ ಒಂದು ಬಿಳಿ ಬೆಕ್ಕು ಇದೆ.

ಕುಂದಾಪ್ರ ಗಾಳಿ:
ಅದನ್ನೂ ಮಂಗ ಹೊತ್ಕೊಂಡು ಹೋಗುತ್ತೆ.

ಕಬ್ಬಿಣದ ಕಡಲೆ:
ತೊಟ್ಟಿ ನೀರಿನ ಲೆಕ್ಕ ಮಾಡಿದ್ದೀರಾ? ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ನಿಮ್ಮ ತೊಟ್ಟಿ ಬಾಯಿ 8×8 ಅಡಿ ಅಂದುಕೊಳ್ಳಿ, ಸುಮಾರು 6 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಹೊಡೆದರೆ 600 ಲೀಟರ್. ಪರವಾಗಿಲ್ಲ. ಆದರೆ ಅಪ್ಪಯ್ಯ ಹೇಳಿದ ಹಾಗೆ ಹಂಚಿನ ಮಾಡು ಹಾಕಿ, ನಾಲ್ಕೂ ಕಡೆಯ ಒಳ ಇಳಿಜಾರು ತೊಟ್ಟಿಗೇ ಬಿಟ್ಟರೆ 60 ಚದರ ಮೀಟರ್ ಸೇರುತ್ತೆ. ಆಗ 6,000 ಲೀಟರ್, ಒಂದು ಟ್ಯಾಂಕರ್ ನೀರು ಮನೆ ಮಧ್ಯೆ. ಒಂದು ಎಲೆ ಪೈಪಿಗೆ ಅಡ್ಡ ಕೂತರೆ ಸಾಕು. ಎರಡು ಪೈಪ್ ಬೇಕು, ಎರಡೂ ಬೇರೆ ಬೇರೆ ದಾರಿ. ತೊಟ್ಟಿ ನೆಲ ಮನೆ ನೆಲಕ್ಕಿಂತ ಒಂದಡಿಯಾದರೂ ಕೆಳಗಿರಲಿ.

ಬಾಲ್ಕನಿ ತುದಿಯಲ್ಲಿ ಏನಿದೆ? ಕಟಕಟೆ ಗಾಜಾ, ಇಟ್ಟಿಗೆಯಾ?

ಸಾಗರದ ಸೈಟು:
ತುದಿ ಉದ್ದಕ್ಕೂ ಗಿಡ ನೆಡೋ ಕಾಂಕ್ರೀಟ್ ಪೆಟ್ಟಿಗೆ ಇದೆ ಸಾರ್. 20 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಹಸಿರು ಬಳ್ಳಿ ಕೆಳಗೆ ಇಳಿಬಿದ್ದಿರುತ್ತೆ.

ಕಬ್ಬಿಣದ ಕಡಲೆ:
ಮಳೆಗಾಲದ ಒದ್ದೆ ಮಣ್ಣು, ಬರೀ ಮಣ್ಣೇ ಎರಡು ಟನ್ ಮೇಲೆ. ಕಂಬ ಇಲ್ಲದ ಎಂಟು ಅಡಿ ಬಾಲ್ಕನಿಯ ತುತ್ತ ತುದಿಯಲ್ಲಿ ಎರಡು ಸಣ್ಣ ಕಾರು ನಿಲ್ಲಿಸಿದ ಹಾಗೆ. ವರ್ಷಪೂರ್ತಿ. ಸಾರ್, ನಿಮ್ಮ ಮೇಸ್ತ್ರಿಯ ಸಂಬಳ ಜಾಸ್ತಿ ಮಾಡಿ.

ಮೇಸ್ತ್ರಿ ಮಗ:
😂 ಇದನ್ನ ಅಪ್ಪನಿಗೆ ಓದಿ ಹೇಳಿದೆ. "ಬಳ್ಳಿ ಬೇಕಾದರೆ ನೆಲದಿಂದ ಮೇಲೆ ಹತ್ತಿಸ್ಲಿ, ಬಳ್ಳಿಗೆ ಅದೇ ಅಭ್ಯಾಸ" ಅಂದರು.

ಗೆರೆ ಎಳೆಯುವವಳು:
ನಿಮ್ಮಪ್ಪನನ್ನು ನನ್ನ ಆಫೀಸಿಗೆ ಕಳಿಸಿ.

ಸೈಟಿನವರೇ, ನಿಮ್ಮ ಆರ್ಕಿಟೆಕ್ಟ್ ಮೇಲೆ ಜಗಳಕ್ಕೆ ಹೋಗಬೇಡಿ. ಅವರನ್ನು, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ನನ್ನು, ಮೇಸ್ತ್ರಿಯನ್ನು ಮೂರೂ ಜನರನ್ನು ಒಂದೇ ದಿನ ಸೈಟಲ್ಲಿ ಕೂರಿಸಿ. ಎಂಜಿನಿಯರ್ ಫೀಸ್ ಉಳಿಸೋಕೆ ಹೋಗಬೇಡಿ. ಮತ್ತೆ ಅವರಿಗೆ "ಬಾಲ್ಕನಿ ಕಮ್ಮಿ ಮಾಡಿ" ಅನ್ನಬೇಡಿ, ನಿಮಗೆ ಬೇಕಾದದ್ದು ಏನು ಅಂತ ಹೇಳಿ. ಸಂಜೆ ಮಳೆ ನೋಡ್ತಾ ಕಾಫಿ ಕುಡಿಯೋ ಜಾಗ ಬೇಕಾ? ಅದು ಎಂಟು ಅಡಿ ಚಾಚಬೇಕಿಲ್ಲ, ಒಳಗೆ ಸರಿದರೂ ಆಗುತ್ತೆ. ಮೇಲೆ ಮಾಡು ಬಂದರೆ ಜುಲೈನಲ್ಲೂ ಕೂರಬಹುದು.

ಸುಮ್ನೆ ಓದೋನು:
ಅದಕ್ಕೆ ಜಗಲಿ ಅಂತಾರೆ ಮೇಡಂ. 😀

ಗೆರೆ ಎಳೆಯುವವಳು:
ಗೊತ್ತು. ಆದರೆ "ಜಗಲಿ" ಅಂದರೆ ಕ್ಲೈಂಟ್ ಫೀಸ್ ಕೊಡಲ್ಲ.

ಸಾಗರದ ಸೈಟು (ಎರಡು ವಾರದ ನಂತರ):
ಅಪ್‌ಡೇಟ್. ಭಾನುವಾರ ಮೂವರೂ ಬಂದಿದ್ದರು. ಶಿವಮೊಗ್ಗದಿಂದ ಒಬ್ಬರು ಎಂಜಿನಿಯರ್ ಸಿಕ್ಕಿದರು. ಮೊದಲ ಅರ್ಧ ಗಂಟೆ ಮೇಸ್ತ್ರಿ ಬಾಯಿ ಬಿಡಲಿಲ್ಲ, ಆರ್ಕಿಟೆಕ್ಟ್ ಮೊಬೈಲ್ ನೋಡ್ತಾ ನಿಂತಿದ್ದರು. ಅಷ್ಟರಲ್ಲಿ ಒಂದು ಅಡ್ಡಮಳೆ ಬಂತು. ಎಲ್ಲರೂ ಪಕ್ಕದ ಮನೆ ಜಗಲಿಗೆ ಓಡಿದೆವು. ಆ ಮನೆಯ ಪಶ್ಚಿಮದ ಗೋಡೆ ಪೂರ್ತಿ ಒದ್ದೆ, ಬಣ್ಣ ಎದ್ದು ಹಪ್ಪಳ ಆಗಿತ್ತು. ಆರ್ಕಿಟೆಕ್ಟ್ ಹೋಗಿ ಅದನ್ನು ಬೆರಳಲ್ಲಿ ಕೆರೆದು ನೋಡಿದರು. ಆಮೇಲೆ ಅವರೇ ಪೆನ್ನು ತೆಗೆದರು.

ಈಗ ಬಾಲ್ಕನಿ ನಾಲ್ಕೂವರೆ ಅಡಿ ಚಾಚುತ್ತೆ, ಮೂರೂವರೆ ಅಡಿ ಒಳಗೆ ಸರಿದಿದೆ. ಅದರ ಹಿಂದೆ ಹಾಲ್ ಮೇಲೆ ಸ್ಲ್ಯಾಬ್ ಬಂತು. ಎತ್ತರದ ಜಾಗ ತೊಟ್ಟಿ ಪಕ್ಕಕ್ಕೆ ಹೋಯ್ತು, ಗಾಜು ಪೂರ್ವಕ್ಕೆ ತಿರುಗಿತು, ಅದೂ ಹತ್ತು ಅಡಿಯೊಳಗೆ. ಗಿಡದ ಪೆಟ್ಟಿಗೆ ಹೋಯ್ತು. ಮೇಲೆ ಹಂಚಿನ ಮಾಡು, ಆದರೆ ಅಪ್ಪಯ್ಯ ಅಂದುಕೊಂಡ ಹಾಗಲ್ಲ: ಎರಡೇ ದೊಡ್ಡ ಇಳಿಜಾರು, ಅಂಚು ಮೂರು ಅಡಿ ಹೊರಗೆ. ನೋಡೋಕೆ ಮೊದಲಿನ ಚಿತ್ರಕ್ಕಿಂತ ನನಗೆ ಇದೇ ಇಷ್ಟ. ಹೆಂಡತಿಗೆ ಆ ತೇಲುವ ಬಾಲ್ಕನಿ ಹೋಗಿದ್ದಕ್ಕೆ ಇನ್ನೂ ಬೇಜಾರಿದೆ, ಸುಳ್ಳು ಹೇಳಲ್ಲ.

ಸಿರ್ಸಿ ಅಕ್ಕ:
ಜಾಲರಿ?

ಸಾಗರದ ಸೈಟು:
ಹಾಕ್ತಾರೆ ಅಕ್ಕ. ಅಡಿಕೆ ಹೂವಿನ ಡಿಸೈನ್ ಮಾಡ್ತೀನಿ ಅಂತ ಆರ್ಕಿಟೆಕ್ಟ್ ಹಟ ಹಿಡಿದಿದ್ದಾರೆ.

ಸಿರ್ಸಿ ಅಕ್ಕ:
ಮಾಡ್ಲಿ ಬಿಡು. ಮರಿಮಂಗ ತೂರದ ಹಾಗೆ ಸಂದಿ ಇರಲಿ ಅನ್ನು.

ಪಿಟ್ಸ್‌ಬರ್ಗ್ ಕನ್ನಡಿಗ:
ಸ್ಟ್ರಕ್ಚರಲ್ ಎಂಜಿನಿಯರ್ ಫೀಸ್ ಎಷ್ಟಾಯ್ತು? ಊರಲ್ಲಿ ತಮ್ಮ ಕಟ್ಟಿಸ್ತಾ ಇದ್ದಾನೆ.

ಸಾಗರದ ಸೈಟು:
ಇನ್‌ಬಾಕ್ಸ್ ಮಾಡ್ತೀನಿ ಸಾರ್. ಗಾಜಿನಲ್ಲಿ ಉಳಿದದ್ದರ ಮುಂದೆ ಏನೂ ಅಲ್ಲ.

ಮೇಸ್ತ್ರಿ ಮಗ:
ಸ್ಲ್ಯಾಬ್ ದಿನ ಹೇಳಿ, ಅಪ್ಪ ಸುಮ್ನೆ ನೋಡೋಕೆ ಬರ್ತಾರಂತೆ. ಕೊಕ್ಕೆ ಅವರೇ ತರ್ತಾರೆ. ಮಧ್ಯಾಹ್ನ ಊಟಕ್ಕೆ ಕೋಳಿ ಇರಲಿ.